ಪರಿಚಯದ ಗಣಿತ

ಉಡುಪಿಯಲ್ಲಿ 1925ನೆಯ ಇಸವಿಯಲ್ಲಿ ಮೂವರು ಗೃಹಸ್ಥರು ಕೂಡಿ, 8,000 ರೂಪಾಯಿಗಳ ಬಂಡವಾಳದಿಂದ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅವರಲ್ಲಿ ಉಪೇಂದ್ರ ಅನಂತ ಪೈಗಳು ವ್ಯಾಪಾರಿಗಳು, ವಾಮನ ಕುಡ್ವರು ಎಂಜಿನಿಯರು, ಟಿ. ಎಂ. ಎ. ಪೈಗಳು ವೈದ್ಯರು. ಕೈಮಗ್ಗದ ಕಸುಬು ಕುಸಿದು ನೇಕಾರರು ಸಂಕಟಕ್ಕೆ ಸಿಲುಕಿದ್ದ ದಿನಗಳವು. ಜನರ ಸಣ್ಣಪುಟ್ಟ ಉಳಿತಾಯಗಳನ್ನು ಒಂದುಗೂಡಿಸಿ ಅವರಿಗೆ ನೆರವಾಗಬೇಕೆಂಬುದು ಈ ಮೂವರ ಸಂಕಲ್ಪವಾಗಿತ್ತು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಅದಕ್ಕೆ ಹೆಸರಿಟ್ಟರು. 1964ರಲ್ಲಿ ಅದು ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆದು, ತನ್ನ ಪ್ರಧಾನ ಕಚೇರಿಯನ್ನು ಮಣಿಪಾಲಕ್ಕೆ ಸಾಗಿಸಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಈ ಚರಿತ್ರೆಯನ್ನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಓದಿರುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಇದರಲ್ಲಿ ಬೇರೊಂದು ಪ್ರಶ್ನೆ ಕಾಣಿಸಬೇಕು. ಒಂದೇ ಬೀದಿಯ ಮೂವರು ಜವಳಿ ವ್ಯಾಪಾರಿಗಳು ಅಷ್ಟೇ ಹಣವನ್ನು ಹಾಕಿ ಇದೇ ಕಾರ್ಯಕ್ಕೆ ಕೈಯಿಕ್ಕಿದ್ದರೆ ಫಲವೂ ಇದೇ ಆಗುತ್ತಿತ್ತೆ? ಹಣ ಅಷ್ಟೇ, ಜನರೂ ಅಷ್ಟೇ. ಆದರೆ ಒಂದು ವ್ಯತ್ಯಾಸವುಂಟು. ವ್ಯಾಪಾರಿಯು ಬಲ್ಲ ಜನರು ಒಂದು ಬಗೆ. ಎಂಜಿನಿಯರನು ಬಲ್ಲವರು ಮತ್ತೊಂದು ಬಗೆ. ವೈದ್ಯನ ಬಾಗಿಲಿಗಾದರೋ ಬಡವ ಬಲ್ಲಿದರೆನ್ನದೆ ಎಲ್ಲರೂ ಬರುತ್ತಾರೆ. ಮೂವರ ಹಿಂದೆಯೂ ಮೂರು ಬೇರೆ ಬೇರೆ ಪರಿಚಯ ವಲಯಗಳಿದ್ದವು. ಪೈಗಳಿಬ್ಬರೂ ಅಣ್ಣತಮ್ಮಂದಿರಾದುದರಿಂದ ಪರಸ್ಪರ ನಂಬಿಕೆಗೂ ಕೊರತೆಯಿರಲಿಲ್ಲ. ಜನರು ಎಷ್ಟಿದ್ದಾರೆ ಎಂಬುದಕ್ಕಿಂತ ಅವರು ಹೇಗೆ ಹೆಣೆದುಕೊಂಡಿದ್ದಾರೆ ಎಂಬುದೇ ಮುಖ್ಯವಾಗುವ ಇಂತಹ ಸಂಗತಿಗಳನ್ನು ವಿಚಾರಿಸುವ ಶಾಸ್ತ್ರವೊಂದು ಈಗ ಬೆಳೆದು ನಿಂತಿದೆ. ಅದನ್ನು ಜಾಲಶಾಸ್ತ್ರವೆನ್ನಬಹುದು. ಗಣಿತಜ್ಞರು, ಭೌತಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಎಲ್ಲರೂ ಅದಕ್ಕೆ ಕೈಗೂಡಿಸಿದ್ದಾರೆ.

ವಿಷಯವು ನಮ್ಮ ಬಾಳಿಗೆ ದೂರವಾದುದೇನೂ ಅಲ್ಲ. ಪಟ್ಟಣಗಳಲ್ಲಿ ಸೇವಾಸಂಸ್ಥೆಗಳೂ ವರ್ತಕರ ಸಂಘಗಳೂ ಇವೆ. ವಾರಕ್ಕೊಮ್ಮೆ ಬೆಳಗಿನ ಉಪಾಹಾರಕ್ಕೆ ಸೇರಿ, ಒಬ್ಬರಿಗೊಬ್ಬರು ಗಿರಾಕಿಗಳನ್ನು ಪರಿಚಯಿಸಿಕೊಡುವ ವ್ಯವಹಾರ ಕೂಟಗಳೂ ಹುಟ್ಟಿಕೊಂಡಿವೆ. ಇಂದು ಓದುತ್ತಿರುವವರು ನಾಳೆ ಅಂಗಡಿಯನ್ನೋ ಕಾರ್ಖಾನೆಯನ್ನೋ ಚಿಕಿತ್ಸಾಲಯವನ್ನೋ ತೆರೆದಾಗ ಇಂತಹ ಕೂಟಗಳ ಬಾಗಿಲಿಗೆ ಬಂದೇ ಬರುತ್ತಾರೆ. ಕೆಲವರು ವರ್ಷಗಟ್ಟಲೆ ಶುಲ್ಕ ತೆತ್ತು, ನೂರಾರು ವಿಸಿಟಿಂಗ್ ಕಾರ್ಡುಗಳನ್ನು ಹಂಚಿ, ಏನೂ ಪ್ರಯೋಜನವಾಗಲಿಲ್ಲವೆಂದು ಮರಳುವುದುಂಟು. ಮತ್ತೆ ಕೆಲವರಿಗೆ ಅದೇ ಕೂಟವು ಬಾಳಿನ ದಾರಿಯನ್ನು ತೆರೆದುಕೊಡುತ್ತದೆ. ಈ ಭೇದವನ್ನು ಅದೃಷ್ಟದ ತಲೆಗೆ ಕಟ್ಟುವ ಮೊದಲು ಲೆಕ್ಕವನ್ನು ನೋಡುವುದು ಒಳ್ಳೆಯದು.

ಜೋಡಿಗಳ ಲೆಕ್ಕ

ಒಂದು ಕೂಟದಲ್ಲಿ 30 ಮಂದಿ ಸದಸ್ಯರಿದ್ದಾರೆನ್ನೋಣ. ಪ್ರತಿಯೊಬ್ಬರಿಗೂ ಉಳಿದ 29 ಮಂದಿಯ ಪರಿಚಯವಾಗಬಹುದು. 30ನ್ನು 29ರಿಂದ ಗುಣಿಸಿದರೆ 870. ಆದರೆ ರಾಮನಿಗೆ ಭೀಮನ ಪರಿಚಯ, ಭೀಮನಿಗೆ ರಾಮನ ಪರಿಚಯ ಎಂದು ಒಂದೇ ಜೋಡಿಯನ್ನು ನಾವು ಎರಡು ಬಾರಿ ಎಣಿಸಿದ್ದೇವೆ. ಆದುದರಿಂದ ಜೋಡಿಗಳ ಸಂಖ್ಯೆ 435. ಸದಸ್ಯರು 60 ಆದರೆ ಇದೇ ಲೆಕ್ಕದಿಂದ 1,770 ಜೋಡಿಗಳಾಗುತ್ತವೆ. ಜನರು ಇಮ್ಮಡಿಯಾದರೆ ಜೋಡಿಗಳು ನಾಲ್ಮಡಿಗೂ ಮಿಗಿಲು. ಕೂಟವು ದೊಡ್ಡದಾದಷ್ಟೂ ಲಾಭ ಹೆಚ್ಚೆಂಬ ನಂಬಿಕೆಗೆ ಈ ಲೆಕ್ಕವೇ ಮೂಲ.

ಆದರೆ ಲೆಕ್ಕದ ಇನ್ನೊಂದು ಪಕ್ಕವನ್ನೂ ನೋಡಬೇಕು. ಒಬ್ಬೊಬ್ಬರೊಡನೆ ಐದೈದು ನಿಮಿಷ ಮಾತನಾಡಿದರೂ 60 ಮಂದಿಯ ಕೂಟದಲ್ಲಿ 59 ಮಂದಿಯನ್ನು ಕಾಣಲು 295 ನಿಮಿಷ, ಎಂದರೆ ಹೆಚ್ಚುಕಡಿಮೆ ಐದು ಗಂಟೆ ಬೇಕು. ಜೋಡಿಗಳು ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತವೆ. ದಿನಕ್ಕೆ ಗಂಟೆಗಳು ಮಾತ್ರ 24ರಲ್ಲಿಯೇ ನಿಲ್ಲುತ್ತವೆ. ಬ್ರಿಟಿಷ್ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಎಂಬವರು 1992ರಲ್ಲಿ ವಾನರಜಾತಿಗಳ ಮೆದುಳಿನ ಗಾತ್ರವನ್ನೂ ಅವುಗಳ ಹಿಂಡಿನ ಗಾತ್ರವನ್ನೂ ಹೋಲಿಸಿ, ಮನುಷ್ಯನು ನಿಜವಾಗಿ ಬಳಕೆಯಲ್ಲಿಟ್ಟುಕೊಳ್ಳಬಲ್ಲ ಸಂಬಂಧಗಳು ಸುಮಾರು 150 ಎಂದು ಅಂದಾಜು ಮಾಡಿದರು. ಈ ಸಂಖ್ಯೆಯನ್ನು ಒಪ್ಪದ ವಿದ್ವಾಂಸರಿದ್ದಾರೆ. ಆದರೂ ಮಿತಿಯೊಂದು ಉಂಟೆಂಬುದನ್ನು ನಮ್ಮ ಅನುಭವವೇ ಸಾರುತ್ತದೆ. ಹಾಗಾದರೆ ಈ ಮಿತವಾದ ಶಕ್ತಿಯನ್ನು ಯಾವ ಪರಿಚಯಗಳಲ್ಲಿ ವಿನಿಯೋಗಿಸಬೇಕು?

ಮಲ್ಲಿಗೆಯ ಮೊಗ್ಗು ಮತ್ತು ನೂಲು

ಇದಕ್ಕೆ ಉತ್ತರವನ್ನು ಹುಡುಕಲು ಕಾಪುವಿಗೆ ಸಮೀಪದ ಶಂಕರಪುರದ ಮಲ್ಲಿಗೆಯನ್ನು ನೆರವಿಗೆ ಕರೆಯೋಣ. ಅಲ್ಲಿ 800 ಮೊಗ್ಗುಗಳನ್ನು ಕಟ್ಟಿದರೆ ಒಂದು ಚೆಂಡು. ಈ 800 ಮೊಗ್ಗುಗಳನ್ನು ಕಟ್ಟದೆ ಚಾಪೆಯ ಮೇಲೆ ಹರವಿದ್ದೇವೆಂದು ಭಾವಿಸಿರಿ. ಕಣ್ಣು ಮುಚ್ಚಿಕೊಂಡು ಯಾವುದಾದರೂ ಎರಡು ಮೊಗ್ಗುಗಳನ್ನು ಎತ್ತಿ, ಒಂದು ತುಂಡು ನೂಲಿನಿಂದ ಅವನ್ನು ಬೆಸೆದು ಮತ್ತೆ ಕೆಳಗಿಡಿರಿ. ಹೀಗೆಯೇ ಮುಂದುವರಿಯಿರಿ. ಮೊದಲಿಗೆ ಎಲ್ಲೆಲ್ಲೂ ಜೋಡಿಗಳೇ. ಆಮೇಲೆ ಅಲ್ಲಲ್ಲಿ ಮೂರು ನಾಲ್ಕು ಮೊಗ್ಗುಗಳ ಸಣ್ಣ ಗೊಂಚಲುಗಳು. 300 ನೂಲುಗಳಾದರೂ ಯಾವ ಮೊಗ್ಗನ್ನು ಎತ್ತಿದರೂ ಒಂದು ಸಣ್ಣ ಗೊಂಚಲಷ್ಟೇ ಮೇಲೇಳುತ್ತದೆ. ಆದರೆ ನೂಲುಗಳ ಸಂಖ್ಯೆ 400ನ್ನು ದಾಟಿದೊಡನೆ ಒಂದು ಚಮತ್ಕಾರ ನಡೆಯುತ್ತದೆ. ಚದರಿದ ಗೊಂಚಲುಗಳು ತಟಕ್ಕನೆ ಒಂದಕ್ಕೊಂದು ಸೇರತೊಡಗಿ ಒಂದು ಮಹಾಗೊಂಚಲು ಮೈದೋರುತ್ತದೆ. 800 ನೂಲುಗಳಾಗುವಷ್ಟರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಮೊಗ್ಗುಗಳು ಆ ಒಂದೇ ಗೊಂಚಲಿನಲ್ಲಿರುತ್ತವೆ.

ಹಂಗೆರಿಯ ಗಣಿತಜ್ಞರಾದ ಪಾಲ್ ಏರ್ಡಿಶ್ ಮತ್ತು ಆಲ್ಫ್ರೆಡ್ ರೇನಿ ಎಂಬವರು 1959-60ರ ಸುಮಾರಿಗೆ ಈ ಸಂಗತಿಯನ್ನು ಸಾಧಿಸಿ ತೋರಿಸಿದರು. ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ಹೇಗೆ ಹಠಾತ್ತನೆ ಅವಸ್ಥಾಂತರವಾಗುವುದೋ ಇದೂ ಹಾಗೆಯೇ ಎಂದು ಭೌತಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿ ಗಮನಿಸತಕ್ಕ ಮಾತೊಂದುಂಟು. 800 ಮೊಗ್ಗುಗಳಲ್ಲಿ ಸಾಧ್ಯವಿರುವ ಒಟ್ಟು ಜೋಡಿಗಳು 3,19,600. ಅವುಗಳಲ್ಲಿ ಕೇವಲ 800ನ್ನು, ಎಂದರೆ ಸಾವಿರಕ್ಕೆ ಎರಡೂವರೆಯನ್ನು ಬೆಸೆದರೆ ಸಾಕು, ಬಹುಪಾಲು ಮೊಗ್ಗುಗಳು ಒಂದಾಗುತ್ತವೆ. ಎಲ್ಲರೂ ಎಲ್ಲರನ್ನೂ ಬಲ್ಲವರಾಗಬೇಕಾದ ಅಗತ್ಯವಿಲ್ಲ.

ಆದರೆ ಈ ಚಮತ್ಕಾರಕ್ಕೆ ಒಂದು ನಿಬಂಧನೆಯಿದೆ. ಕಣ್ಣು ಮುಚ್ಚಿಯೇ ಮೊಗ್ಗುಗಳನ್ನು ಎತ್ತಬೇಕು. ಕಣ್ತೆರೆದು, ಕೈಗೆ ಹತ್ತಿರವಿದ್ದ ಮೊಗ್ಗುಗಳನ್ನೇ ಮತ್ತೆ ಮತ್ತೆ ಬೆಸೆಯುತ್ತ ಹೋದರೆ ನೂಲು ಮುಗಿದೀತೇ ಹೊರತು ಚಾಪೆಯ ಮೇಲೆ ಗಟ್ಟಿಯಾದ ಸಣ್ಣ ಸಣ್ಣ ಮುದ್ದೆಗಳು ಮಾತ್ರ ಉಳಿಯುತ್ತವೆ. ಮನುಷ್ಯರು ಸಾಮಾನ್ಯವಾಗಿ ಮಾಡುವುದು ಹೀಗೆಯೇ.

ದೂರದ ಪರಿಚಯದ ಬಲ

ನಾಲ್ಕು ಬಳಗಗಳನ್ನು ಕಲ್ಪಿಸಿಕೊಳ್ಳೋಣ: ಉಡುಪಿಯ ರಥಬೀದಿಯ ಅಂಗಡಿಕಾರರು 10 ಮಂದಿ, ಮಣಿಪಾಲದ ವೈದ್ಯರು 10 ಮಂದಿ, ಕಾಪುವಿನ ಮೀನುಗಾರರು 10 ಮಂದಿ, ಕಾರ್ಕಳದ ಶಿಲ್ಪಿಗಳು 10 ಮಂದಿ. ಒಂದೊಂದು ಬಳಗದೊಳಗೂ ಎಲ್ಲರಿಗೂ ಎಲ್ಲರ ಪರಿಚಯವಿದೆ. ಬಳಗ ಬಳಗಗಳ ನಡುವೆ ಮಾತ್ರ ಯಾವ ಕೊಂಡಿಯೂ ಇಲ್ಲ. ಒಂದು ಬಳಗದಲ್ಲಿ 45 ಜೋಡಿಗಳಂತೆ ಒಟ್ಟು 180 ಪರಿಚಯಗಳಿದ್ದರೂ ಕಾರ್ಕಳದ ಸುದ್ದಿ ಮಣಿಪಾಲಕ್ಕೆ ಮುಟ್ಟುವುದಿಲ್ಲ. ಕಲ್ಲನ್ನು ಕಡೆಯುವಾಗ ಏಳುವ ಸಣ್ಣ ಧೂಳು ವರ್ಷಗಟ್ಟಲೆ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆಂದೂ, ಕಲ್ಲನ್ನು ಒದ್ದೆ ಮಾಡಿ ಕಡೆಯುವುದು, ತಕ್ಕ ಮುಖಗವಸನ್ನು ಧರಿಸುವುದು ಮುಂತಾದ ಕ್ರಮಗಳಿಂದ ಅದನ್ನು ತಡೆಯಬಹುದೆಂದೂ ವೈದ್ಯರು ಹತ್ತು ಮಂದಿಯೂ ಬಲ್ಲರು. ಶಿಲ್ಪಿಗಳ ಬಳಗದಲ್ಲಿ ಅದು ಒಬ್ಬನಿಗೂ ತಿಳಿದಿಲ್ಲವೆಂದಿಟ್ಟುಕೊಳ್ಳಿ. ನಡುವಣ ದೂರ ಬಸ್ಸಿನಲ್ಲಿ ಒಂದು ಗಂಟೆಯಷ್ಟು. ಆದರೂ ಜ್ಞಾನವು ಆ ದಾರಿಯನ್ನು ಕ್ರಮಿಸುವುದಿಲ್ಲ. ಒಬ್ಬ ಶಿಲ್ಪಿಗೆ ಒಬ್ಬ ವೈದ್ಯನ ಪರಿಚಯವಾದರೆ? ಆ ಒಂದೇ ಕೊಂಡಿಯಿಂದ ಎರಡು ಬಳಗಗಳ ನಡುವೆ 100 ಜೋಡಿಗಳಿಗೆ ದಾರಿ ತೆರೆಯುತ್ತದೆ. ಬಳಗದೊಳಗಿನ 45 ಪರಿಚಯಗಳಿಂದಾಗದ ಕಾರ್ಯವನ್ನು ಹೊರಗಿನ ಒಂದು ಪರಿಚಯವು ಮಾಡಿತು. ಇಲ್ಲಿ ಪಣವಾಗಿರುವುದು ವ್ಯಾಪಾರದ ಲಾಭವಲ್ಲ, ಮನುಷ್ಯನ ಉಸಿರು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ ಎಂಬವರು 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ತತ್ತ್ವಕ್ಕೆ ದುರ್ಬಲ ಬಂಧಗಳ ಬಲವೆಂಬ ಹೆಸರನ್ನು ಕೊಟ್ಟರು. ಪರಿಚಿತರ ಮೂಲಕ ಹೊಸ ಕೆಲಸವನ್ನು ಹಿಡಿದವರನ್ನು ಅವರು ಪ್ರಶ್ನಿಸಿದ್ದರು: ನಿಮಗೆ ಸುದ್ದಿ ತಂದವರನ್ನು ನೀವು ಆ ಕಾಲದಲ್ಲಿ ಎಷ್ಟು ಸಲ ಕಾಣುತ್ತಿದ್ದಿರಿ? ನೂರಕ್ಕೆ 16.7 ಮಂದಿ ಮಾತ್ರ ಆಗಾಗ ಕಾಣುತ್ತಿದ್ದೆವೆಂದರು, 55.6 ಮಂದಿ ಅಪರೂಪಕ್ಕೊಮ್ಮೆ ಎಂದರು. ಉಳಿದ 28 ಮಂದಿಯಷ್ಟು ವರ್ಷಕ್ಕೊಮ್ಮೆಯೂ ಕಷ್ಟ ಎಂದರು. ಆಪ್ತಮಿತ್ರರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚು, ನಿಜ. ಆದರೆ ಅವರಿಗೆ ತಿಳಿದ ಸುದ್ದಿ ನಮಗೂ ತಿಳಿದೇ ಇರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

ಗ್ರಾನೊವೆಟ್ಟರರ ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಲಿಂಕ್ಡ್‌ಇನ್ ಎಂಬ ಉದ್ಯೋಗಸಂಬಂಧದ ಜಾಲದಲ್ಲಿ ಸುಮಾರು 2 ಕೋಟಿ ಜನರನ್ನು ಒಳಗೊಂಡಿತ್ತು. ಉದ್ಯೋಗ ದೊರಕಿಸುವಲ್ಲಿ ಆಪ್ತರಿಗಿಂತ ದೂರದ ಪರಿಚಿತರೇ ಮೇಲೆಂದು ಅದರಿಂದಲೂ ಕಂಡುಬಂದಿತು. ಆದರೆ ಒಂದು ತಿದ್ದುಪಡಿಯೂ ಸೇರಿತು. ಬಂಧವು ತೀರ ತೆಳುವಾದರೆ ಅದರ ಉಪಯೋಗವೂ ಇಳಿಯುತ್ತದೆ. ಅತಿ ಹತ್ತಿರವೂ ಅಲ್ಲದ, ಹೆಸರು ಮಾತ್ರ ಬಲ್ಲಷ್ಟು ದೂರವೂ ಅಲ್ಲದ ಮಧ್ಯಮ ಪರಿಚಯವೇ ಹೆಚ್ಚು ಫಲಕಾರಿ. ಕೈಗೆ ಕಾರ್ಡನ್ನು ತುರುಕಿ ಓಡುವುದು ಪರಿಚಯವಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಸುಬಿಗೊಬ್ಬರು

ಈ ತತ್ತ್ವಕ್ಕೆ ಶಾಸ್ತ್ರೀಯ ಹೆಸರು ಬರುವುದಕ್ಕೆ ಬಹಳ ಮುಂಚೆಯೇ ಕೆಲವರು ಅದನ್ನು ಬಳಕೆಗೆ ತಂದಿದ್ದರು. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಒಂದು ಕೂಟವನ್ನು ನಡೆಸಿದರು. ಒಬ್ಬರು ಕಲ್ಲಿದ್ದಲಿನ ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಇನ್ನೊಬ್ಬರು ದರ್ಜಿಯ ಅಂಗಡಿಯವರು. ಒಂದೊಂದು ಸಲ ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂದು ಹೆಸರಾಯಿತು. ಒಂದು ಕಸುಬಿಗೆ ಒಬ್ಬರೇ ಸದಸ್ಯರೆಂಬುದು ಅವರು ಆರಂಭದಲ್ಲಿ ಇಟ್ಟುಕೊಂಡ ನಿಯಮ. ಒಂದೇ ಕಸುಬಿನವರಲ್ಲಿ ಪೈಪೋಟಿ ಬಾರದಿರಲೆಂಬುದು ಇದರ ಉದ್ದೇಶವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದರ ಆಳವಾದ ಫಲ ಬೇರೆ: ಕೂಟದ ಪ್ರತಿಯೊಂದು ಕೊಂಡಿಯೂ ತಾನಾಗಿಯೇ ಎರಡು ವಲಯಗಳ ನಡುವಣ ಸೇತುವೆಯಾಗುತ್ತದೆ. 1985ರಲ್ಲಿ ಐವನ್ ಮಿಸ್ನರ್ ಎಂಬವರು ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದ, ಬಿ.ಎನ್.ಐ. ಎಂದು ಹೆಸರಾದ ವ್ಯವಹಾರ ಕೂಟವೂ ಇದೇ ನಿಯಮವನ್ನು ಅನುಸರಿಸುತ್ತದೆ.

ಷಿಕಾಗೊವಿನ ಆ ಸಭೆಯ ಮರುವರ್ಷವೇ, 1906ರ ಮಾರ್ಚ್ 12ರಂದು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರರ ನೇತೃತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಅಂತ್ಯಕ್ಕೆ ಅದರ ಬಳಿ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲಿಯೂ ಉಳಿತಾಯದ ಅಭ್ಯಾಸವನ್ನೂ ಸಹಕಾರದ ಅಭ್ಯಾಸವನ್ನೂ ಬೆಳೆಸುವುದು ತಮ್ಮ ಗುರಿಯೆಂದು ಸ್ಥಾಪಕರು ಸಾರಿದ್ದರು. ಕೃಷ್ಣಮಠದ ಊರಿನಲ್ಲಿ ಮುಸಲ್ಮಾನ ಗೃಹಸ್ಥರೊಬ್ಬರು ಮುಂದಾಳಾಗಿ ಕಟ್ಟಿದ ಈ ಸಂಸ್ಥೆಯು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಗೊಂಚಲು ಗೊಂಚಲಾಗಿ ಉಳಿದಿದ್ದರೆ 38 ರೂಪಾಯಿಗಳು ಬ್ಯಾಂಕಾಗುತ್ತಿರಲಿಲ್ಲ.

ಎಣ್ಣೆ ಮತ್ತು ನೀರು

ಬೇರೆ ಬೇರೆ ಕಸುಬಿನವರನ್ನು ಒಂದು ಕೋಣೆಯೊಳಗೆ ಸೇರಿಸಿದರೆ ಸಾಕೆ? ಎಣ್ಣೆಯನ್ನೂ ನೀರನ್ನೂ ಒಂದೇ ಪಾತ್ರೆಗೆ ಹೊಯ್ದ ಮಾತ್ರಕ್ಕೆ ಅವು ಬೆರೆಯುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೇಲ್ ಮಾರಿಸ್ ಎಂಬ ವಿದ್ವಾಂಸರು 2007ರಲ್ಲಿ ಇದರ ಮೇಲೆ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಸುಮಾರು ನೂರು ಮಂದಿ ವ್ಯವಹಾರಸ್ಥರನ್ನು ಒಂದು ಸಂತೋಷಕೂಟಕ್ಕೆ ಕರೆದು, ಯಾರು ಯಾರೊಡನೆ ಎಷ್ಟು ಹೊತ್ತು ಮಾತನಾಡಿದರೆಂಬುದನ್ನು ದಾಖಲಿಸುವ ವಿದ್ಯುನ್ಮಾನ ಬಿಲ್ಲೆಯನ್ನು ಅವರ ಎದೆಗೆ ಸಿಕ್ಕಿಸಿದ್ದರು. ಹೊಸಬರನ್ನು ಕಾಣುವುದಕ್ಕಾಗಿಯೇ ಬರುತ್ತೇವೆಂದು ಬಹುಮಂದಿ ಮೊದಲೇ ಹೇಳಿದ್ದರು. ಬಿಲ್ಲೆಗಳು ಹೇಳಿದ ಕಥೆಯೇ ಬೇರೆ: ಅತಿಥಿಗಳು ಹೆಚ್ಚಾಗಿ ತಮಗೆ ಮೊದಲೇ ಪರಿಚಿತರಾದವರನ್ನೇ ಅರಸಿಕೊಂಡು ಹೋಗಿದ್ದರು.

ಇದನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ಕಾರ್ಕಳದಿಂದಲೂ ಕಾಪುವಿನಿಂದಲೂ ಉಡುಪಿಯ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಬಸ್ಸಿನಿಂದಿಳಿದು ತರಗತಿಯಲ್ಲಿ ಎಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದನ್ನು ನೋಡಿದರೆ ಸಾಕು. ಹಳೆಯ ಹೈಸ್ಕೂಲಿನ ಗೆಳೆಯರ ಬೆಂಚೇ ಅವರ ನೆಲೆ. ಇದರಲ್ಲಿ ತಪ್ಪೇನೂ ಇಲ್ಲ. ಪರಿಚಿತರ ನಡುವೆ ಮನಸ್ಸಿಗೆ ನೆಮ್ಮದಿ. ಆದರೆ ದ್ರವಗಳು ತಾವಾಗಿ ಬೆರೆಯದಿದ್ದಾಗ ಸೌಟಿನಿಂದ ಕಲಕಬೇಕಾಗುತ್ತದೆ. ರೋಟರಿಯವರು ಸಭೆಯ ಸ್ಥಳವನ್ನು ಸರದಿಯಂತೆ ಬದಲಾಯಿಸಿದುದು ಅಂತಹ ಒಂದು ಕಲಕುವಿಕೆ. ಕೂಟವನ್ನು ನಡೆಸುವವರು ಆಸನಗಳನ್ನು ಪ್ರತಿಸಲವೂ ಬದಲಿಸುವುದು, ಹೊಸ ಸದಸ್ಯರನ್ನು ಹಳಬರೊಬ್ಬರು ಕೈಹಿಡಿದು ಇತರರ ಬಳಿಗೆ ಕರೆದೊಯ್ಯುವುದು ಇವೂ ಅಂತಹವೇ.

ಕೈಯಿಂದ ಕೈಗೆ

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದರ ಬೆಳಕು ಕಡಲಿನಲ್ಲಿರುವ ಎಲ್ಲ ದೋಣಿಗಳಿಗೂ ನೇರವಾಗಿ ಮುಟ್ಟುತ್ತದೆ. ಪತ್ರಿಕೆಯಲ್ಲಿನ ಜಾಹೀರಾತು ಅಂತಹುದು. ಪರಿಚಯದ ಜಾಲದಲ್ಲಿ ಸುದ್ದಿ ಸಾಗುವ ಬಗೆ ಬೇರೆ; ಅದು ಕೈಯಿಂದ ಕೈಗೆ ದಾಟಬೇಕು. ದಾಟುವಾಗ ಎಷ್ಟು ನಷ್ಟವಾಗುತ್ತದೆ?

ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಬಾಸ್ಟನ್ ನಗರದ ಸಮೀಪದ ಒಬ್ಬ ವ್ಯಕ್ತಿಗೆ ಕಾಗದವನ್ನು ಮುಟ್ಟಿಸಬೇಕು. ಆದರೆ ಅಂಚೆಯಲ್ಲಿ ನೇರವಾಗಿ ಕಳುಹಿಸದೆ, ಪ್ರತಿಯೊಬ್ಬರೂ ತಮಗೆ ಪರಿಚಯವಿರುವ ಒಬ್ಬರ ಕೈಗೆ ದಾಟಿಸುತ್ತ ಹೋಗಬೇಕು. ಈ ಪ್ರಯೋಗಗಳಲ್ಲಿ 1969ರಲ್ಲಿ ವರದಿಯಾದ ಒಂದರಲ್ಲಿ 296 ಸರಪಳಿಗಳ ಪೈಕಿ 64 ಮಾತ್ರ ಗುರಿಯನ್ನು ಮುಟ್ಟಿದವು. ಮುಟ್ಟಿದವುಗಳಲ್ಲಿ ನಡುವೆ ಬಂದವರು ಸರಾಸರಿ ಐವರು. ಜಗತ್ತು ಎಷ್ಟು ಚಿಕ್ಕದು ಎಂಬುದಕ್ಕೆ ಈ ಐದನ್ನು ಎಲ್ಲರೂ ಉದಾಹರಿಸುತ್ತಾರೆ. ಮುಟ್ಟದೆ ಹೋದ 232 ಸರಪಳಿಗಳನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ದಾರಿಯಿಲ್ಲದೆ ಅವು ನಿಂತುವೆಂದು ಹೇಳಲಾಗದು. ಯಾರೋ ಒಬ್ಬರು ಕಾಗದವನ್ನು ಮುಂದಕ್ಕೆ ಕಳುಹಿಸಲಿಲ್ಲ.

ಲೆಕ್ಕವನ್ನು ಮಾಡಿ ನೋಡಿರಿ. ಹತ್ತರಲ್ಲಿ ಎಂಟು ಮಂದಿ ಸುದ್ದಿಯನ್ನು ತಪ್ಪದೆ ದಾಟಿಸುತ್ತಾರೆಂದು ಇಟ್ಟುಕೊಂಡರೆ, ಆರು ಬಾರಿ ಕೈ ಬದಲಾಗುವ ಹೊತ್ತಿಗೆ ಅದು ಉಳಿದಿರುವ ಸಂಭವ 0.8ರ ಆರನೆಯ ಘಾತ, ಎಂದರೆ ಸುಮಾರು 0.26. ನೂರರಲ್ಲಿ 26 ಸುದ್ದಿಗಳು ಮಾತ್ರ ಗುರಿಯನ್ನು ಸೇರುತ್ತವೆ. ಹತ್ತರಲ್ಲಿ ಒಂಬತ್ತು ಮಂದಿ ದಾಟಿಸುವವರಾದರೆ ಅದು 53ಕ್ಕೆ ಏರುತ್ತದೆ. ಹತ್ತು ಮಂದಿಯಲ್ಲಿ ಒಬ್ಬನು ಮನಸ್ಸು ಮಾಡಿದುದರಿಂದ ಇಡೀ ಜಾಲದ ಪ್ರಯೋಜನ ಇಮ್ಮಡಿಯಾಯಿತು. ವಿದ್ಯುತ್ತಿಗೆ ವಾಹಕವೆಂದೂ ಅವಾಹಕವೆಂದೂ ಭೇದವಿರುವಂತೆ ಸುದ್ದಿಗೂ ಉಂಟು. ಕೂಟದಿಂದ ಲಾಭವಾಗಲಿಲ್ಲವೆನ್ನುವವರು, ನನ್ನ ಬಳಿಗೆ ಏನು ಬಂದಿತು ಎಂದು ಕೇಳುವುದಕ್ಕೆ ಮುಂಚೆ, ನನ್ನ ಮೂಲಕ ಏನು ದಾಟಿಹೋಯಿತು ಎಂದು ಕೇಳಿಕೊಳ್ಳಬೇಕು.

ಯಾರು ಉತ್ತಮ ವಾಹಕರು? ಇದಕ್ಕೆ ಕರ್ನಾಟಕದ ಹಳ್ಳಿಗಳೇ ಪ್ರಯೋಗಶಾಲೆಯಾಗಿವೆ. ಮುಂದೆ 2019ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರು ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ ಎಂಬವರೊಡನೆ 2013ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ರಾಜ್ಯದ 43 ಹಳ್ಳಿಗಳಲ್ಲಿ ಸಣ್ಣ ಸಾಲದ ಯೋಜನೆಯೊಂದರ ಸುದ್ದಿ ಹೇಗೆ ಹರಡಿತೆಂಬುದನ್ನು ವಿವರಿಸುತ್ತದೆ. ಮೊದಲು ಸುದ್ದಿ ತಿಳಿದವರು ಜಾಲದಲ್ಲಿ ಆಯಕಟ್ಟಿನ ಜಾಗದಲ್ಲಿದ್ದ ಹಳ್ಳಿಗಳಲ್ಲಿ ಹೆಚ್ಚು ಮನೆಗಳು ಯೋಜನೆಗೆ ಸೇರಿದವು. 2019ರಲ್ಲಿ ಈ ನಾಲ್ವರೇ ಕೂಡಿ ಇನ್ನೊಂದು ಅಧ್ಯಯನವನ್ನು ಹೊರತಂದರು. 213 ಹಳ್ಳಿಗಳಲ್ಲಿ ನಡೆದ ಆ ಪರೀಕ್ಷೆಯಲ್ಲಿ, ಊರಿಗೆಲ್ಲ ಸುದ್ದಿ ಹರಡಬೇಕಾದರೆ ಯಾರಿಗೆ ಹೇಳಬೇಕು ಎಂದು ಹಳ್ಳಿಗರನ್ನೇ ಕೇಳಿದರೆ ಅವರು ಸರಿಯಾದ ಹೆಸರುಗಳನ್ನೇ ಹೇಳುತ್ತಾರೆಂದು ಕಂಡುಬಂದಿತು. ಅವರು ಸೂಚಿಸಿದವರು ಊರಿನ ಪ್ರತಿಷ್ಠಿತರಿಗಿಂತ ಚೆನ್ನಾಗಿ ಸುದ್ದಿಯನ್ನು ಹಬ್ಬಿಸಿದರು. ಪ್ರತಿಷ್ಠೆಯೇ ಬೇರೆ, ವಾಹಕಗುಣವೇ ಬೇರೆ.

ದಿನಕ್ಕೆ ಎರಡು ಆಣೆ

ದೂರದ ಪರಿಚಯವು ತಾನಾಗಿ ಬಾಳುವುದಿಲ್ಲ. ಅದನ್ನು ಸಣ್ಣ ಸಣ್ಣ ಕೆಲಸಗಳಿಂದ ಜೀವಂತವಾಗಿಡಬೇಕು. ಇದಕ್ಕೆ 1928ರಲ್ಲಿ ಸಿಂಡಿಕೇಟಿನವರು ಆರಂಭಿಸಿದ ಪಿಗ್ಮಿ ಠೇವಣಿಗಿಂತ ಒಳ್ಳೆಯ ನಿದರ್ಶನ ದೊರೆಯದು. ಅವರ ಏಜೆಂಟರು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ದಿನಕ್ಕೆ ಎರಡು ಆಣೆಯೆಂದರೆ ವರ್ಷಕ್ಕೆ 730 ಆಣೆ; ರೂಪಾಯಿಗೆ 16 ಆಣೆಯ ಆ ಕಾಲದಲ್ಲಿ ಅದು 45 ರೂಪಾಯಿ 10 ಆಣೆ. ಹಣ ಕೂಡಿದುದು ಒಂದು ಲಾಭ. ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಬಂಡವಾಳವೂ ಕೂಡುತ್ತಿತ್ತು. ದಿನವೂ ಬಾಗಿಲಿಗೆ ಬರುವವನಿಗೆ ಯಾರು ಮಾತಿಗೆ ತಪ್ಪದವರು, ಯಾರ ಮನೆಯಲ್ಲಿ ಕಾಯಿಲೆ, ಯಾರ ವ್ಯಾಪಾರ ಏರುಗತಿಯಲ್ಲಿದೆ ಎಂಬುದೆಲ್ಲ ತಿಳಿಯುತ್ತದೆ. ಮನೆಯವರಿಗೂ ಅವನ ಮೇಲೆ ನಂಬಿಕೆ ಬೇರೂರುತ್ತದೆ. ಇಂದಿಗೂ ನಮ್ಮ ಕಡೆ ದಿನದ ಉಳಿತಾಯವನ್ನು ಸಂಗ್ರಹಿಸುವುದಕ್ಕೆ ಪಿಗ್ಮಿ ಎಂಬ ಹೆಸರೇ ನಿಂತಿದೆ.

ವ್ಯವಹಾರ ಕೂಟಗಳು ವಾರ ವಾರವೂ ಸೇರುವುದರ ಗುಟ್ಟೂ ಇದೇ. ಮತ್ತೆಂದೂ ಕಾಣದವನೊಡನೆ ಮೋಸವಾಡಲು ಮನಸ್ಸು ಎಳೆಯಬಹುದು; ಮುಂದಿನ ವಾರವೂ ಎದುರು ಕುಳಿತುಕೊಳ್ಳಬೇಕಾದವನೊಡನೆ ನೇರವಾಗಿ ನಡೆದುಕೊಳ್ಳುವುದೇ ಲಾಭ. ವರ್ಷಕ್ಕೊಂದು ದೊಡ್ಡ ಉಪಕಾರಕ್ಕಿಂತ ವಾರಕ್ಕೊಂದು ಸಣ್ಣ ಉಪಕಾರವು ಹೆಚ್ಚು ಬಾಳುತ್ತದೆ. ಉಪಯುಕ್ತವಾದ ಒಂದು ವಿಳಾಸ, ಓದತಕ್ಕ ಒಂದು ಲೇಖನ, ಮಾತು ಕೊಟ್ಟಂತೆ ಮಾಡಿದ ಒಂದು ದೂರವಾಣಿ ಕರೆ ಇವೇ ಎರಡು ಆಣೆಗಳು.

ಕೂಟದ ಹೆಸರಿನಲ್ಲಿ ಮೋಸ

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪರಿಚಯದ ಜಾಲವೆಂಬ ಹೆಸರನ್ನು ಹೇಳಿಕೊಂಡು, ನೀವು ಹಣ ಕಟ್ಟಿ ಸೇರಿರಿ, ಇನ್ನು ಆರು ಮಂದಿಯನ್ನು ಸೇರಿಸಿರಿ, ಅವರು ಒಬ್ಬೊಬ್ಬರೂ ಆರಾರು ಮಂದಿಯನ್ನು ಸೇರಿಸಲಿ, ಮನೆಯಲ್ಲಿ ಕುಳಿತೇ ಹಣ ಬರುತ್ತದೆ ಎಂದು ಆಸೆ ಹುಟ್ಟಿಸುವವರಿದ್ದಾರೆ. ಇದನ್ನು ಪರೀಕ್ಷಿಸಲು ಗುಣಾಕಾರವೊಂದೇ ಸಾಕು. 6, 36, 216, 1,296, 7,776, 46,656, 2,79,936. ಎಂಟನೆಯ ಮೆಟ್ಟಿಲಿಗೆ 16,79,616 ಹೊಸ ಮಂದಿ ಬೇಕು. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಒಟ್ಟು ಜನಸಂಖ್ಯೆ, ತೊಟ್ಟಿಲ ಕೂಸುಗಳೂ ಸೇರಿ, 11,77,361. ಎಂಟನೆಯ ಮೆಟ್ಟಿಲಿಗೆ ಜಿಲ್ಲೆಯೇ ಸಾಲದು. ಎಲ್ಲಿ ನಿಂತರೂ ಕಡೆಯ ಮೆಟ್ಟಿಲಿನಲ್ಲಿರುವವರ ಸಂಖ್ಯೆಯೇ ಮೇಲಿನ ಎಲ್ಲ ಮೆಟ್ಟಿಲುಗಳದಕ್ಕಿಂತ ಹೆಚ್ಚು; ಆದುದರಿಂದ ಸೇರಿದವರಲ್ಲಿ ಬಹುಪಾಲು ಮಂದಿ ಹಣವನ್ನು ಕಳೆದುಕೊಳ್ಳಲೇಬೇಕು. ಇಂತಹ ಹಣದ ಸುತ್ತಾಟದ ಯೋಜನೆಗಳನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1978ರಲ್ಲಿಯೇ ಬಂದಿದೆ. ನಿಜವಾದ ಕೂಟದಲ್ಲಿ ಒಂದು ಸರಕೋ ಸೇವೆಯೋ ಜ್ಞಾನವೋ ಕೈ ಬದಲಾಯಿಸುತ್ತದೆ. ಇಲ್ಲಿ ಕೈ ಬದಲಾಯಿಸುವುದು ಹೊಸಬನ ಹಣವೊಂದೇ. ಸ್ನೇಹಿತನೇ ಬಂದು ಕರೆದರೂ ಈ ಲೆಕ್ಕವನ್ನು ಮರೆಯಬಾರದು. ಏಕೆಂದರೆ ಇಂತಹ ಮೋಸವು ಹರಡುವುದು ಸ್ನೇಹದ ಕೊಂಡಿಗಳ ಮೂಲಕವೇ.

ವಿದ್ಯಾರ್ಥಿಯ ಪಾಲಿಗೆ

ಮೋಸವಿಲ್ಲದ ಕೂಟಗಳಲ್ಲಿಯೂ ಒಂದು ದೋಷವಿರಬಹುದು. ಬಾಗಿಲು ಮುಚ್ಚಿದ ಬಳಗವು ತನ್ನವರಿಗೆ ಮಾತ್ರ ಸುದ್ದಿಯನ್ನೂ ಅವಕಾಶವನ್ನೂ ಹಂಚುತ್ತದೆ. ತಂದೆಗೋ ಸೋದರಮಾವನಿಗೋ ನಾಲ್ಕು ಕಡೆ ಪರಿಚಯವಿದ್ದ ಹುಡುಗನಿಗೆ ತಾನಾಗಿ ತಿಳಿಯುವ ಸಂಗತಿಗಳು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ತಿಳಿಯುವುದೇ ಇಲ್ಲ. ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು, ಯಾವ ಪರೀಕ್ಷೆಗೆ ಕಡೆಯ ದಿನ ಯಾವುದು, ಯಾವ ಪ್ರಯೋಗಶಾಲೆಯಲ್ಲಿ ಬೇಸಗೆಯ ರಜೆಯಲ್ಲಿ ಕೆಲಸ ಕಲಿಯಬಹುದು ಇವನ್ನೆಲ್ಲ ಪ್ರತಿಭೆಯಿಂದ ಊಹಿಸಲು ಬರುವುದಿಲ್ಲ, ಯಾರಾದರೂ ಹೇಳಬೇಕು. ಹೇಳುವವರಿಲ್ಲದೆ ಕಳೆದುಹೋಗುವ ವರ್ಷಗಳು ಯಾವ ಲೆಕ್ಕದ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲ.

ಓದುಗರಿಗೆ ಒಂದು ಸಣ್ಣ ಪ್ರಯೋಗವನ್ನು ಸೂಚಿಸಬಹುದು. ಇದಕ್ಕೆ ಬೇಕಾದುದು ಒಂದು ಹಾಳೆ, ಒಂದು ಸೀಸದಕಡ್ಡಿ. ನಿಮ್ಮ ತರಗತಿಯ ಪ್ರತಿಯೊಬ್ಬರಿಗೂ ಹಾಳೆಯ ಮೇಲೆ ಒಂದೊಂದು ಚುಕ್ಕೆಯನ್ನಿಡಿರಿ. ಕಳೆದ ಒಂದು ತಿಂಗಳಲ್ಲಿ ಯಾರು ಯಾರೊಡನೆ ಪಾಠದ ವಿಷಯವನ್ನೋ ಮುಂದಿನ ಓದಿನ ವಿಷಯವನ್ನೋ ಮಾತನಾಡಿದ್ದಾರೆಂದು ನೀವು ಬಲ್ಲಿರೋ ಆ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿರಿ. ಗೊಂಚಲುಗಳು ಎಷ್ಟಾದವು, ಅವುಗಳ ನಡುವೆ ಸೇತುವೆಗಳು ಎಷ್ಟಿವೆ, ಆ ಸೇತುವೆಗಳು ಯಾರು ಎಂಬುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಮೂಲೆಯಲ್ಲಿ ಎಲ್ಲಿಯೋ ಒಂದೂ ಗೆರೆಯಿಲ್ಲದ ಚುಕ್ಕೆಯೂ ಇರಬಹುದು. ಚಿತ್ರವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಮರುದಿನ ಆ ಚುಕ್ಕೆಯ ಪಕ್ಕದಲ್ಲಿ ಹೋಗಿ ಕುಳಿತು, ನಿಮಗೆ ತಿಳಿದ ಒಂದು ಉಪಯುಕ್ತ ಸುದ್ದಿಯನ್ನು ಹೇಳಿರಿ; ಅವರಿಗೆ ತಿಳಿದ ಒಂದನ್ನು ಕೇಳಿರಿ.